ಓಸ್ತಿಯಾದ ಒಂಬತ್ತು ದಿನಗಳು

ತಾಯಿ ಹಾಸಿಗೆ ಹಿಡಿದಾಗ ಮಕ್ಕಳಿಗೆ ಧರ್ಮ ಏನನ್ನು ಕೊಡುತ್ತದೆ? ಧೈರ್ಯ, ಸಹನೆ, ಪರಲೋಕದ ಭರವಸೆ ಎಂಬ ಉತ್ತರ ಮಸೀದಿಯಲ್ಲೂ ಸಿದ್ಧವಾಗಿದೆ, ಚರ್ಚಿನಲ್ಲೂ ಸಿದ್ಧವಾಗಿದೆ. ಈ ಉತ್ತರ ಸುಳ್ಳಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರಿಗೆ ಗೊತ್ತು, ಅದು ಹೇಳಿದಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

ನನ್ನ ತಾಯಿ ಕೊನೆಯ ಬಾರಿ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯಲ್ಲಿ ಒಬ್ಬ ವೃದ್ಧ ಕ್ರೈಸ್ತ ಮಹಿಳೆ ಇದ್ದರು. ಅವರ ಮಗ ರಾತ್ರಿಯಿಡೀ ಜಪಸರ ಹಿಡಿದು ಕೂತಿರುತ್ತಿದ್ದ. ನನ್ನ ಕೈಯಲ್ಲಿ ತಸ್ಬೀಹ್ ಇರುತ್ತಿತ್ತು. ನಾವಿಬ್ಬರೂ ಮಾತಾಡಿದ್ದು ಕಡಿಮೆ. ಆದರೆ ಆ ತಾಯಿಗೆ ಎಚ್ಚರವಾದಾಗಲೆಲ್ಲ ಮಗನನ್ನು ಕೇಳುತ್ತಿದ್ದುದು ಒಂದೇ ಮಾತು: 'ಊಟ ಆಯ್ತಾ ಮಗಾ?' ನನ್ನ ತಾಯಿಯೂ ಉರ್ದುವಿನಲ್ಲಿ ಅದನ್ನೇ ಕೇಳುತ್ತಿದ್ದರು. ಸಾಂತ್ವನ ಹೇಳಬೇಕಾದವರು ನಾವು. ಹೇಳುತ್ತಿದ್ದವರು ಮಾತ್ರ ಅವರು.

ಸಂತ ಅಗಸ್ಟೀನನ 'ಕನ್‌ಫೆಷನ್ಸ್' ಕೃತಿಯ ಒಂಬತ್ತನೆಯ ಭಾಗವನ್ನು ಓದುವಾಗ ಆ ರಾತ್ರಿಗಳು ನೆನಪಾದವು. ಅಗಸ್ಟೀನ್ ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಊರಿನಲ್ಲಿ. ಅದು ಇಂದು ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಅಲ್ಜೀರಿಯಾದಲ್ಲಿದೆ. ಲ್ಯಾಟಿನ್ ಭಾಷೆಯ ಈ ಕೃತಿಯಲ್ಲಿ 13 ಭಾಗಗಳಿವೆ. ತಾಯಿ ತೀರಿಕೊಂಡ ಸುಮಾರು ಹತ್ತು ವರ್ಷಗಳ ನಂತರ ಆತ ಇದನ್ನು ಬರೆಯಲು ಕೂತ. ಕ್ರೈಸ್ತ ಜಗತ್ತು ಇದನ್ನು ಗೌರವದಿಂದ ಓದುತ್ತದೆ. ನಾನು ಕತೆಗಾರನಾಗಿ ಓದಿದೆ.

387ರ ಈಸ್ಟರ್ ಹಬ್ಬದಂದು ಮಿಲಾನಿನಲ್ಲಿ ಬಿಷಪ್ ಅಂಬ್ರೋಸ್‌ರಿಂದ ಅಗಸ್ಟೀನ್ ದೀಕ್ಷಾಸ್ನಾನ ಪಡೆದ. ಮಗ ಕ್ರೈಸ್ತನಾಗಲಿ ಎಂದು ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ್ದ ತಾಯಿ ಮೋನಿಕಾಳ ಆಸೆ ಈಡೇರಿತ್ತು. ಆಫ್ರಿಕಾಕ್ಕೆ ಮರಳಲೆಂದು ಎಲ್ಲರೂ ರೋಮಿನ ಬಂದರು ಓಸ್ತಿಯಾಕ್ಕೆ ಬಂದರು. ಅಲ್ಲಿ ತಾಯಿ, ಮಗ ಇಬ್ಬರೂ ತೋಟದ ಕಡೆಯ ಕಿಟಕಿಗೆ ಒರಗಿ ನಿತ್ಯಜೀವನದ ಬಗ್ಗೆ ಮಾತಾಡುತ್ತಾರೆ. ಅದಾಗಿ ಐದಾರು ದಿನಗಳಲ್ಲಿ ಮೋನಿಕಾಳಿಗೆ ಜ್ವರ ಬಂತು. ಒಂಬತ್ತನೆಯ ದಿನ ಆಕೆ ತೀರಿಕೊಂಡಳು. ಆಕೆಗೆ 56ನೆಯ ವರ್ಷ ನಡೆಯುತ್ತಿತ್ತು, ಮಗನಿಗೆ 33ನೆಯದು.

ಈ ಒಂಬತ್ತು ದಿನಗಳಲ್ಲಿ ಸಾಂತ್ವನ ಯಾವ ಕಡೆಯಿಂದ ಹರಿಯುತ್ತದೆ ನೋಡಿ. ಒಮ್ಮೆ ಪ್ರಜ್ಞೆ ತಪ್ಪಿ ಎಚ್ಚೆತ್ತ ತಾಯಿ, ತನ್ನನ್ನು ಇಲ್ಲೇ ಮಣ್ಣು ಮಾಡಿ ಎನ್ನುತ್ತಾಳೆ. ಅಗಸ್ಟೀನನ ಸಹೋದರ ನಾವಿಗಿಯುಸ್, ಪರದೇಶದಲ್ಲಿ ಸಾಯುವುದಕ್ಕಿಂತ ಸ್ವಂತ ಊರಿನಲ್ಲಿ ಸತ್ತರೆ ವಾಸಿ ಎಂದಾಗ ಅವನನ್ನು ಕಣ್ಣಿನಲ್ಲೇ ಗದರುತ್ತಾಳೆ. ಊರಿನಲ್ಲಿ ಗಂಡನ ಪಕ್ಕದಲ್ಲೇ ತನಗೂ ಸಮಾಧಿ ಸಿದ್ಧಮಾಡಿಸಿಕೊಂಡಿದ್ದ ಹೆಂಗಸು ಈಕೆ. ಈಗ ಆ ಆಸೆಯನ್ನೂ ಬಿಡುತ್ತಾಳೆ. ದೇವರಿಗೆ ಯಾವುದೂ ದೂರವಲ್ಲ, ಎಲ್ಲಿಂದ ಎಬ್ಬಿಸಬೇಕೆಂದು ಆತನಿಗೆ ತಿಳಿದಿದೆ ಎಂಬುದು ಆಕೆಯ ನಿಲುವು. ಆಕೆ ಕೇಳಿಕೊಳ್ಳುವುದು ಒಂದನ್ನೇ: ಎಲ್ಲೇ ಇರಿ, ದೇವರ ಪೀಠದ ಮುಂದೆ ನನ್ನನ್ನು ನೆನೆಯಿರಿ. ಉಪಚಾರ ಮಾಡುತ್ತಿದ್ದ ಮಗನನ್ನು ಹೊಗಳಿ, ಅವನ ಬಾಯಿಂದ ಒಂದು ಒರಟು ಮಾತನ್ನೂ ಕೇಳಿಲ್ಲ ಎನ್ನುತ್ತಾಳೆ. ಮಗನಿಗೆ ಧರ್ಮ ಕೊಟ್ಟ ಮೊದಲ ಸಮಾಧಾನ ಸಿದ್ಧಾಂತದ ರೂಪದಲ್ಲಿ ಬರಲಿಲ್ಲ. ಕಾಯಿಲೆ ಬಿದ್ದ ತಾಯಿಯ ಬಾಯಿಂದ ಬಂತು.

ಮುಂದಿನ ದೃಶ್ಯವೇ ಈ ಬರಹದ ಹೃದಯ. ಅಗಸ್ಟೀನ್ ತಾಯಿಯ ಕಣ್ಣು ಮುಚ್ಚುತ್ತಾನೆ. ದುಃಖ ಉಕ್ಕಿ ಬರುತ್ತದೆ, ಒತ್ತಿ ಹಿಡಿಯುತ್ತಾನೆ. ಅವನ ಹದಿಹರೆಯದ ಮಗ ಅದಿಯೋದಾತುಸ್ ಗಟ್ಟಿಯಾಗಿ ಅತ್ತಾಗ ಎಲ್ಲರೂ ಸೇರಿ ಸುಮ್ಮನಾಗಿಸುತ್ತಾರೆ. ಸ್ವರ್ಗಕ್ಕೆ ಹೋದವಳಿಗಾಗಿ ಅಳುವುದು ಸಲ್ಲದು ಎಂಬುದು ಅವರ ತರ್ಕ. ಗೆಳೆಯ ಎವೋದಿಯುಸ್ ಕೀರ್ತನೆಗಳನ್ನು, ಅಂದರೆ ನಾವು ಝಬೂರ್ ಎಂದು ಕರೆಯುವ ದಾವೂದರ ಗ್ರಂಥವನ್ನು, ತೆರೆದು ಹಾಡುತ್ತಾನೆ. ಅಗಸ್ಟೀನ್ ಬಂದವರೊಂದಿಗೆ ಸಮಾಧಾನದಿಂದ ಮಾತಾಡುತ್ತಾನೆ. ಇವನಿಗೆ ದುಃಖವೇ ಇಲ್ಲವೆಂದು ಅವರು ತಿಳಿಯುತ್ತಾರೆ. ಸ್ನಾನದಿಂದ ದುಃಖ ಕಳೆಯುತ್ತದೆಂದು ಕೇಳಿ ಸ್ನಾನಗೃಹಕ್ಕೂ ಹೋಗಿ ಬರುತ್ತಾನೆ. ಬೆವರು ಹೋಯಿತು, ಕಹಿ ಹೋಗಲಿಲ್ಲ.

ರಾತ್ರಿ ಮಲಗಿ ಎದ್ದ ಮೇಲೆ ಅಂಬ್ರೋಸ್ ರಚಿಸಿದ ಒಂದು ಸ್ತೋತ್ರ ಅವನಿಗೆ ನೆನಪಾಗುತ್ತದೆ. ಅದರ ಹಿಂದೆಯೇ ತಾಯಿಯ ನೆನಪು. ಆಗ ಅಳುತ್ತಾನೆ. ಜನರ ಮುಂದಲ್ಲ, ದೇವರೊಬ್ಬನ ಮುಂದೆ. ಅವನ ಮನಸ್ಸು ಹಗುರವಾಗುವುದು ಆ ಗಳಿಗೆಯಲ್ಲಿ.

ಹಗಲೆಲ್ಲ ಅವನು ತೋರಿಸಿದ ಗಟ್ಟಿತನವನ್ನು ಜನ ಭಕ್ತಿ ಎಂದುಕೊಂಡರು. ಅದು ಅವನಿಗೆ ಏನನ್ನೂ ಕೊಡಲಿಲ್ಲ. ಯೌವನದಲ್ಲಿ ತಗಾಸ್ತೆಯ ಗೆಳೆಯನೊಬ್ಬ ಸತ್ತಾಗಲೂ ಅಗಸ್ಟೀನ್ ಅತ್ತಿದ್ದ. ಆಗ ಕಣ್ಣೀರಿಗೆ ಕೊನೆಯಿರಲಿಲ್ಲ, ಊರನ್ನೇ ಬಿಟ್ಟು ಕಾರ್ಥೇಜಿಗೆ ಓಡಿದ್ದ. ಈ ಬಾರಿ ಓಡಬೇಕಾಗಲಿಲ್ಲ, ಏಕೆಂದರೆ ಈಗ ಅವನಿಗೆ ಯಾರ ಮುಂದೆ ಅಳಬೇಕೆಂದು ತಿಳಿದಿತ್ತು. ನಂಬಿಕೆ ಅವನ ಕಣ್ಣೀರನ್ನು ಒರೆಸಲಿಲ್ಲ, ಅದಕ್ಕೊಂದು ವಿಳಾಸ ಕೊಟ್ಟಿತು ಅಷ್ಟೆ.

ಆದರೂ ನನಗೆ ಈ ಬರಹದ ಮೇಲೆ ಎರಡು ತಕರಾರುಗಳಿವೆ. ತಾಯಿಗಾಗಿ ಗಂಟೆಯ ಒಂದು ಸಣ್ಣ ಭಾಗ ಅತ್ತದ್ದನ್ನು ಓದುಗರು ಪಾಪವೆಂದುಕೊಂಡಾರೇ ಎಂದು ಅಗಸ್ಟೀನ್ ಅಂಜುತ್ತಾನೆ. ಅಷ್ಟು ಅಂಜಿಕೆ ಏಕೆ? ಎರಡನೆಯದು ಆ ಹುಡುಗನದು. ಅದಿಯೋದಾತುಸನ ತಾಯಿ ವರ್ಷಗಟ್ಟಲೆ ಅಗಸ್ಟೀನನ ಜೊತೆ ಬಾಳಿದವಳು. ಅಗಸ್ಟೀನನಿಗೆ ಅನುಕೂಲದ ಮದುವೆಯೊಂದು ಗೊತ್ತಾದಾಗ ಅವಳನ್ನು ಆಫ್ರಿಕಾಕ್ಕೆ ಕಳಿಸಿಬಿಟ್ಟರು. ಆ ಸಂಬಂಧಕ್ಕೆ ಓಡಾಡಿದವಳು ಇದೇ ಮೋನಿಕಾ. ಹಡೆದ ತಾಯಿ ಸಮುದ್ರದಾಚೆ, ಅಜ್ಜಿ ಹಾಸಿಗೆಯ ಮೇಲೆ ಹೆಣವಾಗಿ. ಅಂಥ ಹುಡುಗನ ಬಾಯಿ ಮುಚ್ಚಿಸಿದರು! ಕೆಲವೇ ವರ್ಷಗಳಲ್ಲಿ ಅವನೂ ತೀರಿಕೊಂಡ. ಅವನಿಗೆ ಅಳಲು ಎಲ್ಲಿ ಜಾಗ ಸಿಕ್ಕಿತೋ, ಪುಸ್ತಕ ಹೇಳುವುದಿಲ್ಲ. ಅವನ ತಾಯಿಯ ಹೆಸರನ್ನೂ ಹೇಳುವುದಿಲ್ಲ.

ಮೋನಿಕಾಳ ಹೆಸರಾದರೂ ಇಡೀ ಕೃತಿಯಲ್ಲಿ ಬರುವುದು ಒಂದೇ ಸಲ. ಒಂಬತ್ತನೆಯ ಭಾಗದ ಕೊನೆಯಲ್ಲಿ, ಓದುವವರೆಲ್ಲ ನನ್ನ ತಂದೆತಾಯಿಗಾಗಿ ಪ್ರಾರ್ಥಿಸಿ ಎಂದು ಬೇಡುವಾಗ. ತೀರಿಹೋದವರಿಗೆ ತಲುಪುವುದರಲ್ಲಿ ಸತ್ಸಂತಾನದ ದುಆ ಕೂಡ ಒಂದು ಎಂದು ಕೇಳುತ್ತ ಬೆಳೆದ ನಮಗೆ ಇದು ಅಪರಿಚಿತವೇನಲ್ಲ. ತಾಯಿ ಕೇಳಿದ ಒಂದೇ ಒಂದು ಕೋರಿಕೆಯನ್ನು ಮಗ ಪುಸ್ತಕದ ಮೂಲಕ ನಡೆಸಿಕೊಟ್ಟ. 1945ರಲ್ಲಿ ಓಸ್ತಿಯಾದ ಚರ್ಚೊಂದರ ಬಳಿ ಆಟಕ್ಕೆ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ ಆಕೆಯ ಸಮಾಧಿಲೇಖದ ಕಲ್ಲಿನ ತುಂಡು ಸಿಕ್ಕಿತು. ಕಲ್ಲು ಮಣ್ಣಿನಡಿ ಹೂತುಹೋದರೂ ಪ್ರಾರ್ಥನೆ ಮಾತ್ರ ನಡೆದೇ ಇತ್ತು.

ನನ್ನ ತಾಯಿಯ ಮಯ್ಯತ್ ಮನೆಗೆ ಬಂದ ದಿನ ಹಿರಿಯರೆಲ್ಲ 'ಸಬ್ರ್ ಮಾಡು' ಎಂದರು. ನಾನು ಅಳಲಿಲ್ಲ. ಎಂಟು ವರ್ಷದ ಮಗಳು 'ದಾದೀ' ಎಂದು ಕಿರುಚಿದಾಗ ಅವಳ ಬಾಯಿಗೆ ಕೈ ಅಡ್ಡ ಹಿಡಿದವನೂ ನಾನೇ. ಎದೆ ಬಡಿದುಕೊಂಡು ಗೋಳಿಡಬಾರದು ಎಂಬ ಮಾತು ನಮಗೆಲ್ಲ ನೆನಪಿರುತ್ತದೆ. ಆದರೆ ಪುಟ್ಟ ಮಗ ಇಬ್ರಾಹೀಮ್ ಉಸಿರು ಬಿಡುತ್ತಿದ್ದಾಗ ಪ್ರವಾದಿಯವರ(ಸ) ಕಣ್ಣಿನಿಂದ ನೀರು ಹರಿದದ್ದು, ತಾವೂ ಅಳುವಿರಾ ಎಂದು ಸಂಗಾತಿಯೊಬ್ಬರು ಅಚ್ಚರಿಪಟ್ಟಾಗ ಇದು ಕರುಣೆ ಎಂದು ಅವರು ತಿಳಿಸಿದ್ದು ನೆನಪಾಗುವುದಿಲ್ಲ. ಅದನ್ನು ನನಗೆ ನೆನಪಿಸಿಕೊಟ್ಟದ್ದು ಒಬ್ಬ ಕ್ರೈಸ್ತ ಸಂತನ ಪುಸ್ತಕ, ಅದರಲ್ಲಿ ಬಾಯಿ ಮುಚ್ಚಿಸಿಕೊಂಡ ಒಬ್ಬ ಹುಡುಗ.

ಮಗಳು ಈಗ ದೊಡ್ಡವಳಾಗಿದ್ದಾಳೆ. ಈ ಲೇಖನ ಬರೆಯುವ ಮೊದಲು ಅವಳ ಕ್ಷಮೆ ಕೇಳಿದೆ.