ತಿಳಿ ಮಂಜುಗಡ್ಡೆಯ ಹಿಂದಿನ ಕೈಗಳು

ಮನೆಯ ಐಸ್ ಮೇಕರ್‌ನಿಂದ ಗಾಜಿನಂಥ ತಿಳಿ ಮಂಜುಗಡ್ಡೆ ಉದುರುವುದರ ಹಿಂದೆ ಪ್ಲಂಬರನ ಕೈಚಳಕವಿದೆ. ಕಾಲಿಂಚಿನ ಕೊಳವೆ, ಕೈಗೆಟಕುವ ಕವಾಟ, ಹಿತ್ತಾಳೆ ಉಂಗುರದ ಮೇಲೆ ಹದವಾಗಿ ಬಿಗಿದ ನಟ್ಟು: ನೀರು ತರಲು ಇಷ್ಟು ಸಾಕು.

ನಿಜವಾದ ಕಸುಬು ಕಾಣುವುದು ನೀರನ್ನು ಹೊರಗೆ ಕಳಿಸುವಲ್ಲಿ. ಇಂಥ ಯಂತ್ರದಲ್ಲಿ ತಣ್ಣನೆಯ ಫಲಕದ ಮೇಲೆ ನೀರು ಹರಿಯುತ್ತಲೇ ಇರುತ್ತದೆ. ಶುದ್ಧ ನೀರು ಮೊದಲು ಹೆಪ್ಪುಗಟ್ಟುತ್ತದೆ, ಲವಣಗಳು ಉಳಿದ ನೀರಿನೊಡನೆ ಚರಂಡಿ ಸೇರುತ್ತವೆ. ಈ ನೀರನ್ನು ಹೊರಗೊಯ್ಯುವ ಕೊಳವೆಗೆ ಪ್ರತಿ ಅಡಿಗೆ ಕಾಲಿಂಚಿನಷ್ಟು ಇಳಿಜಾರು ಬೇಕು. ಅದು ಸಿಗದ ಕಡೆ ಪಂಪು. ಕೊಳವೆಯ ತುದಿಗೂ ಚರಂಡಿಯ ಬಾಯಿಗೂ ನಡುವೆ ಗಾಳಿಯ ಅಂತರ ಬಿಡುವುದು ಈ ಕಸುಬಿನ ದೊಡ್ಡ ವಿವೇಕ: ಕೊಳೆನೀರು ಯಂತ್ರಕ್ಕೆ ಹಿಮ್ಮರಳದು.

ಯಾರೂ ಇಣುಕದ ಜಾಗದಲ್ಲೂ ಇಷ್ಟು ಅಚ್ಚುಕಟ್ಟು ಕಾಯುವವರಿಗೆ ನಮ್ಮ ಮೆಚ್ಚುಗೆ ಸಲ್ಲಲೇಬೇಕು.