‘ಅಮ್ಮ’ನ ಜಾಗಕ್ಕೆ ‘ವೈರಲ್’ ಬಂದರೆ

ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಮೈಸೂರಿನ ಅಗ್ರಹಾರದಲ್ಲೂ ಕುವೆಂಪುನಗರದಲ್ಲೂ ಇಂದಿಗೂ ಕೇಳಿಬರುವ ಮಾತು ‘ಅಮ್ಮ ಆಗಿದೆ’. ಓದಿದವರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ನನ್ನ ತಕರಾರು ಇರುವುದು ಅವರ ಜೊತೆಗೇ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹೊರಗಿನವರನ್ನು ಬಿಟ್ಟುಕೊಳ್ಳದೆ, ಗುಳ್ಳೆ ಒಣಗಿ ನೀರು ಹಾಕುವ ತನಕ ಕೂಸನ್ನು ಒಳಗೇ ಮಲಗಿಸುವುದು ಐಸೊಲೇಶನ್ ಆಗದೆ ಮತ್ತೇನು? ದೇವಿಯನ್ನು ನಂಬಿದವರು ಲಸಿಕೆಗೆ ವೈರಿಗಳೆಂಬ ವಾದವೂ ಈ ಊರಿನಲ್ಲಿ ನಿಲ್ಲುವುದಿಲ್ಲ. 1805ರಲ್ಲಿ ಥಾಮಸ್ ಹಿಕಿ ರಚಿಸಿದ ಮೈಸೂರು ರಾಣಿಯರ ಚಿತ್ರವನ್ನು ಇತಿಹಾಸಕಾರ ನೈಜಲ್ ಚಾನ್ಸಲರ್ ಬಿಡಿಸಿ ಓದಿದ್ದಾರೆ: ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು. ಚಾಮುಂಡಿಯನ್ನು ಪೂಜಿಸುತ್ತಿದ್ದ ಅರಮನೆ ಅದು.

ದೋಷವಿರುವುದು ಹೆಸರಿನಲ್ಲಿ. ದಡಾರವೂ ಅಮ್ಮ, ಸೀತಾಳೆ ಸಿಡುಬೂ ಅಮ್ಮ. ಆದರೆ ಇದನ್ನು ಗೇಲಿ ಮಾಡುವವರು ‘ಏನೋ ವೈರಲ್ ರೀ’ ಎಂದು ಸುಮ್ಮನಾಗುತ್ತಾರಲ್ಲ, ಆ ಡಯಾಗ್ನಸಿಸ್ ಇನ್ನೂ ಮೊಂಡು. ಅಮ್ಮ ಎಂದವರು ಮಗುವನ್ನು ಸ್ಕೂಲಿಗಾದರೂ ಕಳಿಸುತ್ತಿರಲಿಲ್ಲ.

ದಡಾರ ದದ್ದಿನಿಂದ ಶುರುವಾಗುವುದೇ ಇಲ್ಲ. ಮೊದಲ ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಬೆಳಕು ತಾಳದ ಕೆಂಗಣ್ಣು. ಕೆನ್ನೆಯ ಒಳಬದಿಯಲ್ಲಿ, ದವಡೆ ಹಲ್ಲಿನ ಎದುರಿಗೆ, ಉಪ್ಪಿನ ಹರಳು ಉದುರಿಸಿದಂಥ ಬಿಳಿ ಚುಕ್ಕೆಗಳು. ವೈದ್ಯರು ಕೋಪ್ಲಿಕ್ ಚುಕ್ಕೆ ಎನ್ನುವುದು ಇವನ್ನೇ. ದದ್ದು ಆಮೇಲೆ ಕಿವಿಯ ಹಿಂದೆ, ಹಣೆಯಂಚಿನಲ್ಲಿ ಕಾಣಿಸಿಕೊಂಡು ಮೈಗೆ ಇಳಿಯುತ್ತದೆ. ಪಠ್ಯಪುಸ್ತಕದ ಬಿಳಿ ಮಗುವಿನ ಮೇಲೆ ಅದು ಢಾಳು ಕೆಂಪು. ನಮ್ಮ ಕಪ್ಪು ಕೂಸುಗಳ ಮೈಮೇಲೆ ಕಣ್ಣು ತಪ್ಪಿಸಬಹುದು, ಕೈಯಾಡಿಸಿದರೆ ಒರಟಾಗಿ ತಾಗೀತು. ಸೀತಾಳೆಯ ದಾರಿಯೇ ಬೇರೆ: ಎದೆ, ಹೊಟ್ಟೆ, ಬೆನ್ನಿನ ಮೇಲೆ ತುರಿಸುವ ನೀರುಗುಳ್ಳೆ. ಒಂದು ಈಗಷ್ಟೇ ಎದ್ದಿರುತ್ತದೆ, ಪಕ್ಕದ್ದು ತುಂಬಿಕೊಂಡಿರುತ್ತದೆ, ಇನ್ನೊಂದು ಆಗಲೇ ಹಕ್ಕಳೆ ಕಟ್ಟಿರುತ್ತದೆ.

‘ಎರಡೂ ತಾವಾಗೇ ಇಳಿಯುತ್ತವೆ, ಯಾವುದಾದರೇನು?’ ಎಂದು ಕೇಳುವವರಿದ್ದಾರೆ. ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತವೆ, ನಿಜ. ಆದರೆ ದಡಾರದ ಮಗುವಿಗೆ ವೈದ್ಯರು ವಿಟಮಿನ್ ‘ಎ’ ಕೊಡಬೇಕು, ನ್ಯುಮೋನಿಯಾ ಆಗದಂತೆ ಉಸಿರಾಟದ ಮೇಲೆ ಕಣ್ಣಿಡಬೇಕು. ಸೀತಾಳೆಯ ಮಗುವಿಗೆ ಜ್ವರ ಇಳಿಸಲೆಂದು ಆಸ್ಪಿರಿನ್ ಕೊಡಲೇಬಾರದು.

ನಾನು ಇಷ್ಟು ಹೊತ್ತು ಪರ ವಹಿಸಿದ ಸಂಪ್ರದಾಯ ಸೋಲುವುದೂ ಇಲ್ಲೇ. ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದಲೇ ದಡಾರ ಹರಡುತ್ತಿರುತ್ತದೆ. ಬೇವು ಬಾಗಿಲಿಗೇರುವಷ್ಟರಲ್ಲಿ ಅದು ಪಕ್ಕದ ಮನೆಗೆ ಹೋಗಿ ಕೂತಿರುತ್ತದೆ.

ಜ್ವರದ ಜೊತೆ ಕಣ್ಣು ಕೆಂಪಾದ ದಿನವೇ ತಾಯಿ ಕಾರ್ಡ್ ತೆಗೆದು ನೋಡಿ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ದಡಾರ-ರುಬೆಲ್ಲಾದ ಎರಡೂ ಡೋಸ್ ಬಿದ್ದಿರಬೇಕು. ಸೀತಾಳೆಯ ಲಸಿಕೆಗೆ ಮಾತ್ರ ದುಡ್ಡು ಕೊಡಬೇಕು. ಸರ್ಕಾರದ ಉಚಿತ ಪಟ್ಟಿಯಲ್ಲಿ ಅದು ಇನ್ನೂ ಇಲ್ಲ.