ಇ-ಟೈಪ್ ಬ್ರೇಕಿಗೆ ಏಳು ಸಾಲು, ವ್ಯಾಖ್ಯಾನಸಹಿತ

ಕೇಶಿರಾಜ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದ ಸೂತ್ರವನ್ನೂ ಬರೆದ, ಅದನ್ನು ವಿವರಿಸುವ ವೃತ್ತಿಯನ್ನೂ ತಾನೇ ಬರೆದ. ಆ ಧೈರ್ಯದ ಮೇಲೆ, 3.8 ಲೀಟರಿನ ಹಳೆಯ ಜಾಗ್ವಾರ್ ಇ-ಟೈಪ್ ಕಾರಿನ ಬ್ರೇಕಿಗೆ ಕೈ ಹಾಕುವವರಿಗಾಗಿ ನಾನೇ ಏಳು ಸಾಲು ಕಟ್ಟಿ, ನಾನೇ ಅರ್ಥ ಹೇಳುತ್ತಿದ್ದೇನೆ.

ಓಡುವುದನ್ನು ಊರೇ ಹೊಗಳಿದೆ. ನಿಲ್ಲುವುದನ್ನು ನೀನು ವಿಚಾರಿಸು.

1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಈ ಕಾರು ಕಾಣಿಸಿಕೊಂಡಾಗ ಎಲ್ಲರ ಬಾಯಲ್ಲೂ ಗಂಟೆಗೆ 150 ಮೈಲಿಯ ಮಾತು. ಬ್ರೇಕೂ ಸಾಮಾನ್ಯದ್ದಲ್ಲ, ನಾಲ್ಕೂ ಚಕ್ರಕ್ಕೆ ಡನ್‌ಲಪ್ ಡಿಸ್ಕ್. 1953ರ ಲ ಮಾನ್ ರೇಸನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದ ಜಾಗ್ವಾರ್ ಸಿ-ಟೈಪ್‌ನಲ್ಲೂ ಡನ್‌ಲಪ್ ಡಿಸ್ಕೇ ಇತ್ತು. ಆದರೂ 3.8ರ ಪೆಡಲಿನ ಮೇಲೆ ದೂರು ತಪ್ಪಲಿಲ್ಲ. ಅದರ ಸರ್ವೋ ತಿದಿಯ ಮಾದರಿಯದು. ಕಾಲಿಗೆ ನೆರವಾಗುತ್ತದೆ, ಒಲ್ಲದ ಮನಸ್ಸಿನಿಂದ. 1964ರಲ್ಲಿ 4.2 ಲೀಟರಿನ ಕಾರು ಬಂದಾಗ ಕಂಪನಿಯೇ ಅದನ್ನು ಕೈಬಿಟ್ಟು ಲಾಕ್‌ಹೀಡ್ ಸರ್ವೋ ಹಾಕಿತು. ಹಾಗಾಗಿ ಸರ್ವೋ ಬದಲಿಸಿದರೆ ಮೂಲಕ್ಕೆ ಅಪಚಾರವೆಂದು ಕೊರಗುವವರ ಜೊತೆ ನಾನಿಲ್ಲ.

ಏರಿಸುವ ಮೊದಲು ಸರಿಪಡಿಸು.

ದುಬಾರಿ ಕ್ಯಾಲಿಪರ್ ತರಿಸುವವರಲ್ಲಿ ಹೆಚ್ಚಿನವರು ತಮ್ಮ ಹಳೆಯ ಬ್ರೇಕು ಸರಿಯಾಗಿ ಕೆಲಸ ಮಾಡಿದ್ದನ್ನು ನೋಡಿಯೇ ಇರುವುದಿಲ್ಲ. ರಬ್ಬರ್ ಹೋಸ್ ಹೊರಗೆ ನೆಟ್ಟಗಿದ್ದು ಒಳಗೆ ಊದಿಕೊಂಡಿರುತ್ತದೆ: ಕಾಲಿನ ಒತ್ತಡಕ್ಕೆ ಎಣ್ಣೆ ಮುಂದೆ ಹೋಗುತ್ತದೆ, ಕಾಲು ತೆಗೆದರೆ ಬೇಗ ಹಿಂದಿರುಗುವುದಿಲ್ಲ, ಬ್ರೇಕು ಹಿಡಿದುಕೊಂಡೇ ಇರುತ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಪಿಸ್ಟನ್ನುಗಳು ತುಕ್ಕಿಗೆ ಕಚ್ಚಿಕೊಂಡಿರುತ್ತವೆ. ಡನ್‌ಲಪ್ ಕ್ಯಾಲಿಪರಿನಲ್ಲಿ ಸಿಲಿಂಡರುಗಳನ್ನು ಬೋಲ್ಟ್ ಬಿಚ್ಚಿ ಬೇರೆ ಮಾಡಬಹುದು. ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ತೋಳು ಕೂರಿಸಿದರೆ ತುಕ್ಕಿನ ಕಾಟ ಕಡಿಮೆಯಾಗುತ್ತದೆ. ಮೊದಲು ಇಷ್ಟು ಮಾಡಿ ಓಡಿಸಿ ನೋಡಿ. ಮುಂದಿನ ಖರ್ಚು ಬೇಡವೆನಿಸಲೂಬಹುದು.

ಪುಡಿಯನ್ನು ಊದಬೇಡ.

ಆ ಕಾಲದ ಪ್ಯಾಡಿನಲ್ಲಿ ಕಲ್ನಾರು ಇರುತ್ತಿತ್ತು, ಅದರ ಪುಡಿ ಉಸಿರಿಗೆ ಹೋಗಬಾರದು. ಒದ್ದೆ ಬಟ್ಟೆ, ಮುಖಕ್ಕೆ ಸರಿಯಾದ ಮಾಸ್ಕ್. ಏರ್ ಹೋಸ್ ದೂರವಿರಲಿ.

ಹಿಂದಿನ ಡಿಸ್ಕ್ ಬೇಕೆಂದವನು ಇಡೀ ಪಂಜರ ಇಳಿಸಲಿ.

ಇ-ಟೈಪ್‌ನ ಹಿಂದಿನ ಡಿಸ್ಕ್ ಚಕ್ರದ ಬಳಿ ಇಲ್ಲ. ಒಳಗೆ, ಡಿಫರೆನ್ಶಿಯಲ್ಲಿನ ಎರಡೂ ಪಕ್ಕಕ್ಕೆ ಅಂಟಿಕೊಂಡಿದೆ. ಚಕ್ರದೊಡನೆ ಏರಿಳಿಯುವ ಭಾರ ಕಡಿಮೆಯಾಗಲೆಂದು ಮಾಡಿದ ಏರ್ಪಾಡು ಇದು. ಸವಾರಿಗೆ ಸುಖ, ರಿಪೇರಿ ಮಾಡುವವನಿಗೆ ಕಷ್ಟ. ಚಕ್ರ ತಿರುಗಿಸುವ ಹಾಫ್ ಶಾಫ್ಟೇ ಸಸ್ಪೆನ್ಷನ್ನಿನ ಮೇಲಿನ ತೋಳೂ ಆಗಿರುವುದರಿಂದ ಅದನ್ನು ಸುಮ್ಮನೆ ಬಿಚ್ಚಿ ಪಕ್ಕಕ್ಕೆ ತಳ್ಳುವಂತಿಲ್ಲ. ಕಾರಿನಡಿ ಮಲಗಿ ಬೆರಳ ತುದಿಯಲ್ಲಿ ಒದ್ದಾಡುವುದಕ್ಕಿಂತ ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯಸ್ ಆರ್ಮ್ ಮೊದಲಾದವನ್ನು ಬಿಡಿಸಿ, ರಬ್ಬರ್ ಮೌಂಟುಗಳ ಬೋಲ್ಟ್ ಕಳಚಿ, ಪಂಜರದೊಡನೆ ಒಟ್ಟು ಜೋಡಣೆಯನ್ನೇ ಜಾಕ್ ಮೇಲೆ ಇಳಿಸುವುದು ಲೇಸು. ತೂಕ ಚೆನ್ನಾಗಿಯೇ ಇದೆ, ಒಬ್ಬರೇ ಮಾಡಬೇಡಿ.

ಇಳಿಸಿದ ಮೇಲೆ ಡಿಸ್ಕ್ ಮಾತ್ರ ಬದಲಿಸಿ ಮೇಲೆತ್ತುವ ಆತುರ ಬೇಡ. ಡಿಸ್ಕಿನ ಕಾವು ನೇರ ಡಿಫರೆನ್ಶಿಯಲ್ಲಿನ ಆಯಿಲ್ ಸೀಲಿಗೆ ತಾಗುತ್ತದೆ. ಸೀಲ್ ಗಟ್ಟಿಯಾಗಿ ಬಿರಿದರೆ ಗೇರ್ ಆಯಿಲ್ ಡಿಸ್ಕಿನ ಮೇಲೆ ಸೋರಿ, ಹೊಸ ಪ್ಯಾಡೂ ಹಾಳು. ಹಾಗಾಗಿ ಡಿಸ್ಕಿನ ಜೊತೆಗೇ ಸೀಲ್. ಇನ್ನೊಂದು: ಡಿಸ್ಕಿಗೂ ಹಾಫ್ ಶಾಫ್ಟಿಗೂ ನಡುವೆ ತೆಳುವಾದ ಶಿಮ್‌ಗಳಿರುತ್ತವೆ. ಚಕ್ರ ಎಷ್ಟು ವಾಲಿ ನಿಲ್ಲಬೇಕೆಂದು ನಿರ್ಧರಿಸುವುದು ಅವೇ. ಎಡದವು ಎಷ್ಟು, ಬಲದವು ಎಷ್ಟು ಎಂದು ಬರೆದಿಡಿ.

ಮುಂದೆ ದೊಡ್ಡದು ಹಾಕುವವನು ಹಿಂದಿನದನ್ನೂ ಕೇಳಿಕೊಳ್ಳಲಿ.

ಇಡೀ ಕೆಲಸದಲ್ಲಿ ಹಣ ಪೋಲಾಗುವ ಜಾಗ ಇದು. ಇರುವ ಬ್ರೇಕೇ ಚಕ್ರವನ್ನು ಲಾಕ್ ಮಾಡಬಲ್ಲದಾದರೆ, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ತಂದರೂ ಆ ಒಂದು ನಿಲುಗಡೆಯ ದೂರ ತಗ್ಗದು. ಅಲ್ಲಿ ಮಿತಿ ಟೈರಿನ ಹಿಡಿತದ್ದು. ದೊಡ್ಡ ಬ್ರೇಕಿನ ಲಾಭ ಕಾಣುವುದು ಮತ್ತೆ ಮತ್ತೆ ಹಿಡಿದಾಗ. ಗಂಟೆಗೆ 160 ಕಿಲೋಮೀಟರ್ ವೇಗದಿಂದ ನಿಲ್ಲಿಸಿದರೆ ಹುಟ್ಟುವ ಶಾಖ 80ರಿಂದ ನಿಲ್ಲಿಸಿದಾಗಿನ ನಾಲ್ಕು ಪಟ್ಟು. ಗಾಳಿಯಾಡುವ ಡಿಸ್ಕ್ ಅದನ್ನು ಬೇಗ ಕಳೆದುಕೊಳ್ಳುತ್ತದೆ. ಘಟ್ಟ ಇಳಿಯುವವರಿಗೆ, ಟ್ರ್ಯಾಕಿಗೆ ಹೋಗುವವರಿಗೆ ಸರಿ. ಭಾನುವಾರದ ಸವಾರಿಗೆ ಬೇಕೇ?

ಬೇಕೆಂದರೆ ಲೆಕ್ಕ ಹಾಕಿ. ಪಿಸ್ಟನ್ನುಗಳ ವಿಸ್ತೀರ್ಣ ಹೆಚ್ಚಿ ಮಾಸ್ಟರ್ ಸಿಲಿಂಡರ್ ಹಾಗೆಯೇ ಉಳಿದರೆ ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಮಾಸ್ಟರ್ ಸಿಲಿಂಡರ್ ದಪ್ಪದ್ದಾದರೆ ಇಳಿತ ಕಡಿಮೆ, ಕಾಲಿಗೆ ಶ್ರಮ ಹೆಚ್ಚು. 3.8ರಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಮಾಸ್ಟರ್ ಸಿಲಿಂಡರ್ ಇವೆ. ಮುಂದಿನದನ್ನಷ್ಟೇ ಬಲಪಡಿಸಿದರೆ ಮುಂದಿನ ಚಕ್ರ ಬೇಗ ಲಾಕ್ ಆಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಬಾಲವೇ ಮುಂದೆ ಬರುತ್ತದೆ. ಎರಡರಲ್ಲಿ ಹೆಚ್ಚು ಅಪಾಯದ್ದು ಎರಡನೆಯದು.

ಬ್ರೇಕ್ ಆಯಿಲ್ಲಿನ ನಂಬರು ನೋಡಿ ಮೋಸಹೋಗಬೇಡ.

ಡಾಟ್ 4 ಗ್ಲೈಕಾಲ್. ಗಾಳಿಯ ತೇವ ಹೀರುತ್ತದೆ. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲಿನ ಮಾನದಂಡ 155. ಡಾಟ್ 5 ಸಿಲಿಕೋನ್, ಡಾಟ್ 5.1 ಮತ್ತೆ ಗ್ಲೈಕಾಲ್. ಸಿಲಿಕೋನನ್ನೂ ಗ್ಲೈಕಾಲನ್ನೂ ಬೆರೆಸಲೇಬಾರದು. ಗ್ಲೈಕಾಲ್ ಚೆಲ್ಲಿದರೆ ಪೇಂಟ್ ಏಳುತ್ತದೆ, ಪಕ್ಕದಲ್ಲಿ ನೀರಿರಲಿ.

ಬ್ಲೀಡ್ ಮಾಡಿದೊಡನೆ ದೂರ ಹೊರಡಬೇಡ.

ಪೈಪಿನ ಗಾಳಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಖಾಲಿ ರಸ್ತೆಯಲ್ಲಿ ಸಾಧಾರಣ ವೇಗದಿಂದ ಹಲವು ಬಾರಿ ಮೆಲ್ಲಗೆ ಹಿಡಿದು, ನಡುನಡುವೆ ಆರಲು ಬಿಟ್ಟು, ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಮನೆಗೆ ಬಂದು ಕಾರು ತಣ್ಣಗಾದ ಮೇಲೆ ಪ್ರತಿ ಪೈಪಿನ ಕೀಲಿಗೂ ಬಿಳಿ ಕಾಗದ ಒತ್ತಿ ನೋಡಿ. ಒದ್ದೆಯಾಗಿದ್ದರೆ ಆ ನಟ್ ಮತ್ತೆ ಬಿಚ್ಚುವುದೇ.